ದಾದಾ ಕೊಂಡ ಸಾವನದುರ್ಗ: ಯುದ್ಧಕಾಲದ ಚಿತ್ರ ಅಸಲಿಯೋ ನಕಲೋ ತಿಳಿಯುವುದು ಹೇಗೆ?

ಕಳೆದ ಸಂಚಿಕೆಯಲ್ಲಿ ನನ್ನ ತರಗತಿಯವರೊಬ್ಬರು ನಾಣ್ಯ ಸಂಗ್ರಹದ ಬಗ್ಗೆ ಬರೆದಿದ್ದರು. ಅದನ್ನು ಓದಿ ನನಗೂ ಒಂದು ಸಂಗ್ರಹದ ಬಗ್ಗೆ ಬರೆಯುವ ಆಸೆಯಾಯಿತು. ಮೊದಲೇ ಹೇಳಿಬಿಡುತ್ತೇನೆ, ನನ್ನ ಹತ್ತಿರ ಸಂಗ್ರಹ ಅಂತ ಏನೂ ಇಲ್ಲ. ಮನೆಯಲ್ಲಿರುವುದು ಒಂದೇ ಒಂದು ಚಿತ್ರ. ಅದು ಅಸಲಿಯೋ ನಕಲೋ ಎಂದು ತಿಳಿಯುವುದಕ್ಕೆ ನನ್ನ ಬೇಸಿಗೆ ರಜೆ ಪೂರ್ತಿ ಹೋಯಿತು. ಆಗ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಚಿತ್ರ ಇರುವುದು ನಮ್ಮ ಹಾಲ್‌ನಲ್ಲಿ, ಗಡಿಯಾರದ ಕೆಳಗೆ. ಕಂದು ಬಣ್ಣದ ಕಾಗದ, ಮಧ್ಯದಲ್ಲಿ ಒಂದು ದೊಡ್ಡ ಬಂಡೆ ಬೆಟ್ಟ, ಅದರ ಮೇಲೆ ಕೋಟೆ ಗೋಡೆ. ನಮ್ಮ ದಾದಾ ಮಾಗಡಿ ಕಡೆಯವರು. ಅವರು ಯುವಕರಾಗಿದ್ದಾಗ ಬೆಂಗಳೂರಿನ ಒಂದು ಹಳೆ ಸಾಮಾನಿನ ಅಂಗಡಿಯಲ್ಲಿ ಇದನ್ನು ಕಂಡು, ‘ಅರೆ, ಇದು ನಮ್ಮ ಸಾವನದುರ್ಗ’ ಎಂದು ಕೊಂಡರಂತೆ. ಅಂಗಡಿಯವನು ಇದು ಟಿಪ್ಪು ಕಾಲದ ಅಸಲಿ ಚಿತ್ರ ಎಂದಿದ್ದನಂತೆ. ಐವತ್ತು ವರ್ಷ ನಮ್ಮ ಮನೆಯಲ್ಲಿ ಯಾರೂ ಅದನ್ನು ಪ್ರಶ್ನಿಸಲಿಲ್ಲ. ಈ ವರ್ಷ ನನ್ನ ಸಿಎ ಫೌಂಡೇಶನ್ ಕೋಚಿಂಗ್ ಶುಲ್ಕದ ಮಾತು ಬಂದಾಗ ಅಬ್ಬಾ ತಲೆ ತಗ್ಗಿಸಿ ಕೂತಿದ್ದರು. ರೇಷ್ಮೆಗೂಡಿನ ವ್ಯಾಪಾರದಲ್ಲಿ ಕೆಲವು ತಿಂಗಳು ಹಾಗೇ ಇರುತ್ತದೆ. ಆಗ ದಾದಾ ಗೋಡೆ ಕಡೆ ತೋರಿಸಿ, ‘ಅದನ್ನು ಮಾರಿ’ ಎಂದರು.

ಮಾರಬೇಕೆಂದರೆ ಮೊದಲು ಅದು ಏನು ಎಂದು ಗೊತ್ತಾಗಬೇಕು. ಮನೆಯಲ್ಲಿ ಕಾಮರ್ಸ್ ಓದುವವಳು ನಾನೊಬ್ಬಳೇ, ಆದ್ದರಿಂದ ಆ ಕೆಲಸ ನನಗೆ ಬಂತು.

ಮೊದಲು ನಾನು ಹುಡುಕಿದ್ದು ಯುದ್ಧದ ಫೋಟೋಗಳ ಸಂಗ್ರಹದ ಬಗ್ಗೆ, ಏಕೆಂದರೆ ಇಂಥ ಚಿತ್ರಗಳ ಮಾರುಕಟ್ಟೆಯ ನಿಯಮಗಳನ್ನು ಅಲ್ಲಿ ಸ್ಪಷ್ಟವಾಗಿ ಹೇಳಿರುತ್ತಾರೆ. ಅಲ್ಲಿ ‘ವಿಂಟೇಜ್ ಪ್ರಿಂಟ್’ ಎಂಬ ಮಾತು ಪದೇಪದೇ ಬರುತ್ತದೆ. ಹಳೆಯ ಫೋಟೋ ಎಂದರೆ ವಿಂಟೇಜ್ ಅಲ್ಲ. ಛಾಯಾಗ್ರಾಹಕ ಫೋಟೋ ತೆಗೆದ ಕಾಲದಲ್ಲೇ, ಅಥವಾ ಅದಾದ ಕೆಲವೇ ವರ್ಷಗಳಲ್ಲಿ, ತಾನೇ ಅಥವಾ ತನ್ನ ಕಣ್ಣೆದುರು ನೆಗೆಟಿವ್‌ನಿಂದ ಮಾಡಿಸಿದ ಪ್ರತಿ ವಿಂಟೇಜ್. ಅದೇ ನೆಗೆಟಿವ್‌ನಿಂದ ನಲವತ್ತು ವರ್ಷದ ನಂತರ ಮಾಡಿದ ಪ್ರತಿ ಎಷ್ಟೇ ಚೆನ್ನಾಗಿದ್ದರೂ ‘ನಂತರದ ಪ್ರತಿ’. 1971ರ ಬಾಂಗ್ಲಾದೇಶ ಯುದ್ಧದ ಸಮಯದಲ್ಲಿ ರಘು ರೈ ತೆಗೆದ ಫೋಟೋಗಳ ನೆಗೆಟಿವ್‌ಗಳು ಸುಮಾರು ನಲವತ್ತು ವರ್ಷ ಕಾಣೆಯಾಗಿದ್ದು ಆಮೇಲೆ ಸಿಕ್ಕವು. ಹಾಗೆ ಸಿಕ್ಕ ನೆಗೆಟಿವ್‌ನಿಂದ ಈಗ ಪ್ರತಿ ಮಾಡಿದರೆ ನೆಗೆಟಿವ್ 1971ರದ್ದು, ಪ್ರತಿ ಮಾತ್ರ ನಮ್ಮ ಕಾಲದ್ದು. ಆಗಿನ ಕಾಲದಲ್ಲಿ ಪತ್ರಿಕಾ ಕಚೇರಿಗೆ ಕಳಿಸಿದ ಪ್ರತಿಗಳ ಹಿಂಬದಿಯಲ್ಲಿ ಏಜೆನ್ಸಿಯ ಮೊಹರು, ತಾರೀಖು, ಟೈಪ್ ಮಾಡಿ ಅಂಟಿಸಿದ ವಿವರದ ಚೀಟಿ ಇರುತ್ತವೆ. ಸಂಗ್ರಹಕಾರರು ಫೋಟೋ ಮುಖ ನೋಡುವುದಕ್ಕಿಂತ ಮೊದಲು ಅದರ ಬೆನ್ನು ನೋಡುತ್ತಾರೆ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಬೆನ್ನಿನ ಮೇಲಿರುವುದು ವೋಚರ್. ವೋಚರ್ ಇಲ್ಲದ ಎಂಟ್ರಿಯನ್ನು ಯಾರು ನಂಬುತ್ತಾರೆ?

ಆದರೆ ಸಾವನದುರ್ಗದ ಯುದ್ಧ ನಡೆದದ್ದು 1791ರಲ್ಲಿ. ಫೋಟೋಗ್ರಫಿ ಲೋಕಕ್ಕೆ ಬಂದದ್ದು 1839ರಲ್ಲಿ. ಹಾಗಾದರೆ ಆ ಯುದ್ಧದ ಚಿತ್ರ ತೆಗೆದವರು ಯಾರು?

ಆ ಕೆಲಸಕ್ಕೂ ಒಬ್ಬರು ಇದ್ದರು. ಅವರ ಹೆಸರು ರಾಬರ್ಟ್ ಹೋಮ್. ಇಂಗ್ಲೆಂಡಿನ ಚಿತ್ರಕಾರ, 1791ರಲ್ಲಿ ಮದ್ರಾಸಿಗೆ ಬಂದವರು. ಆಗ ಮೂರನೆಯ ಮೈಸೂರು ಯುದ್ಧ ನಡೆಯುತ್ತಿತ್ತು. ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆಯ ಜೊತೆ ಹೋಗಲು ಅನುಮತಿ ಪಡೆದು, ಪೆನ್ಸಿಲ್ ಕಾಗದ ಹಿಡಿದು ನಮ್ಮ ಸೀಮೆಗೆ ಬಂದರು. ಇಂದಿನ ಮಾತಿನಲ್ಲಿ ಯುದ್ಧ ವರದಿಗಾರ.

ಆ ಯುದ್ಧ ನಮ್ಮ ತಾಲ್ಲೂಕುಗಳಲ್ಲಿ ಹೇಗೆ ಹಾದುಹೋಯಿತು ಎಂದು ನನಗೆ ಮೊದಲು ಗೊತ್ತಿರಲಿಲ್ಲ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಬಿತ್ತು. ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣಕ್ಕೆ ಹೊರಟದ್ದು ಚನ್ನಪಟ್ಟಣದ ನೇರ ದಾರಿಯಲ್ಲಿ ಅಲ್ಲ, ಕಾನಕಾನಹಳ್ಳಿ ಅಂದರೆ ಇಂದಿನ ಕನಕಪುರದ ಕಡೆಯಿಂದ. ಶ್ರೀರಂಗಪಟ್ಟಣದ ಹತ್ತಿರ ಹೋದರೂ ಮಳೆ, ಹಸಿವು, ಎತ್ತುಗಳ ಸಾವು ಎಲ್ಲಾ ಸೇರಿ ದೊಡ್ಡ ಫಿರಂಗಿಗಳನ್ನು ತಾವೇ ಹಾಳುಮಾಡಿ ಹಿಂದಿರುಗಬೇಕಾಯಿತು. ಮತ್ತೆ ಹೋಗಬೇಕಾದರೆ ದವಸದ ಬಂಡಿಗಳು ಸುರಕ್ಷಿತವಾಗಿ ಬರಬೇಕು, ಅದಕ್ಕೆ ದಾರಿಯನ್ನು ಕಾಯುತ್ತಿದ್ದ ಬೆಟ್ಟದ ಕೋಟೆಗಳು ಬೀಳಬೇಕು. ಡಿಸೆಂಬರ್ 10ರಂದು ಸಾವನದುರ್ಗದ ಮುತ್ತಿಗೆ ಶುರುವಾಯಿತು. ಬಿದಿರು ಮೆಳೆ ಕಡಿದು ದಾರಿ ಮಾಡಿ ಫಿರಂಗಿ ಎಳೆದು ತಂದರು. 21ನೇ ತಾರೀಖು ಕೋಟೆ ಬಿತ್ತು. ಅದರ ಬೆನ್ನಿಗೇ ಹುತ್ರಿದುರ್ಗ, ನಮ್ಮ ರಾಮಗಿರಿ, ಶಿವಗಿರಿ ಎಲ್ಲವೂ ಹೋದವು.

ಹೋಮ್ ಬರೆದ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ‘ಟಿಪ್ಪು ಸುಲ್ತಾನನ ದೇಶವಾದ ಮೈಸೂರಿನ ಆಯ್ದ ನೋಟಗಳು’ ಎಂಬ ಅರ್ಥದ ಹೆಸರು, ಪ್ರಕಾಶಕ ಬೌಯರ್. ಅದರಲ್ಲಿ ಡಿಸೆಂಬರ್ ದಾಳಿಯ ಸಾವನದುರ್ಗ ಇದೆ, ರಾಮಗಿರಿಯ ತುದಿಯಿಂದ ಕಾಣುವ ಶಿವಗಿರಿ ಇದೆ. ಘಟನೆ ನಡೆದು ಮೂರನೇ ವರ್ಷಕ್ಕೆ ಬಂದ ಬ್ರೇಕಿಂಗ್ ನ್ಯೂಸ್ ಇದು! ಹೋಮ್ ಒಬ್ಬರೇ ಅಲ್ಲ. ಕೋಲ್‌ಬ್ರೂಕ್, ಅಲೆಕ್ಸಾಂಡರ್ ಅಲನ್, ಜೇಮ್ಸ್ ಹಂಟರ್ ಎಂಬ ಸೇನಾಧಿಕಾರಿಗಳೂ ಇದೇ ಯುದ್ಧದಲ್ಲಿ ಚಿತ್ರ ಬರೆದರು, ಅವೂ ಲಂಡನ್ನಿನಲ್ಲಿ ಅಚ್ಚಾದವು. ಹಂಟರ್ 1792ರಲ್ಲೇ ತೀರಿಕೊಂಡರು, ಅವರ ಚಿತ್ರಗಳ ಪುಸ್ತಕ ಬಂದದ್ದು 1805ರಲ್ಲಿ.

ಇಲ್ಲಿ ಒಂದು ಮಾತು. ಈ ಚಿತ್ರಗಳನ್ನು ತಾಮ್ರದ ತಗಡಿನ ಮೇಲೆ ಕೊರೆದ ಲಂಡನ್ನಿನ ಕೆಲಸಗಾರರು ನಮ್ಮ ಬೆಟ್ಟವನ್ನು ಕಂಡವರಲ್ಲ. ಹೋಮ್ ಕೊಟ್ಟ ಚಿತ್ರ ನೋಡಿ ಅದನ್ನು ಎಡಬಲ ತಿರುಗಿಸಿ ಕೊರೆದರು. ಅದಕ್ಕೇ ಕೆಲವು ಮರಗಳು ನಮ್ಮ ಹುಣಸೆ, ಆಲದ ಹಾಗೆ ಕಾಣುವುದಿಲ್ಲ. ಬೆಟ್ಟ ಮಾತ್ರ ನೋಡಿದ ತಕ್ಷಣ ಗೊತ್ತಾಗುತ್ತದೆ.

ಈಗ ಹೆಸರಿನ ಸಮಸ್ಯೆಗೆ ಬರೋಣ. ಅಂತರ್ಜಾಲದಲ್ಲಿ ‘ಸಾವನದುರ್ಗ’ ಎಂದು ಹುಡುಕಿದರೆ ಟ್ರೆಕ್ಕಿಂಗ್ ಫೋಟೋ ಮಾತ್ರ ಬರುತ್ತವೆ. ಆಗಿನವರು ಬರೆದದ್ದು ‘ಸೆವನ್‌ಡ್ರೂಗ್’. ರಾಮಗಿರಿ ‘ರಾಮ್‌ಗರೀ’, ಹುತ್ರಿದುರ್ಗ ‘ಔಟ್ರಾಡ್ರೂಗ್’, ಹೊಸೂರು ‘ಊಸೂರ್’. ಹೀಗೆ ತಪ್ಪು ತಪ್ಪಾಗಿ ಹುಡುಕಿದರೆ ಮಾತ್ರ ಸರಿಯಾದದ್ದು ಸಿಗುತ್ತದೆ. ನಮ್ಮ ಊರಿಗೂ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಹೆಸರಿನಲ್ಲಿ ಬಹಳ ಕಾಲ ಕ್ಲೋಸ್‌ಪೇಟೆ ಎಂದೇ ಇತ್ತು, ಆಮೇಲೆ ರಾಮನಗರವಾಯಿತು, ಜಿಲ್ಲೆ ಈಗ ಬೆಂಗಳೂರು ದಕ್ಷಿಣ. ಮುಂದಿನ ಕಾಲದ ಸಂಗ್ರಹಕಾರರಿಗೆ ನಾವೂ ಕಷ್ಟ ಕೊಡುತ್ತಿದ್ದೇವೆ.

ಹೋಮ್ ಪುಸ್ತಕದ ಚಿತ್ರವನ್ನು ಒಂದು ಲಂಡನ್ ಗ್ರಂಥಾಲಯದ ಪುಟದಲ್ಲಿ ನೋಡಿದೆ. ನಮ್ಮ ಗೋಡೆಯ ಚಿತ್ರದ ಜೊತೆ ಹೋಲಿಸಿದೆ. ಅದೇ ಬೆಟ್ಟ, ಅದೇ ಕೋನ, ಅದೇ ಗೆರೆಗಳು! ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಚಿತ್ರವನ್ನು ಚಾಚಾ ಅವರ ಪ್ರೆಸ್‌ಗೆ ಒಯ್ದೆ. ಚಾಚಾ ಆಫ್‌ಸೆಟ್ ಪ್ರೆಸ್ ಇಟ್ಟಿದ್ದಾರೆ, ಮದುವೆ ಕಾರ್ಡ್ ಅವರ ಮುಖ್ಯ ಕೆಲಸ. ಬಣ್ಣ ಸರಿ ಬಿದ್ದಿದೆಯೇ ನೋಡಲು ಅವರ ಹತ್ತಿರ ಒಂದು ಚಿಕ್ಕ ಭೂತಗನ್ನಡಿ ಇದೆ. ಮೊದಲು ಒಂದು ಮದುವೆ ಕಾರ್ಡಿನ ಗುಲಾಬಿ ಹೂವಿನ ಮೇಲೆ ಅದನ್ನಿಟ್ಟು ನನಗೆ ತೋರಿಸಿದರು. ಹೂವು ಮಾಯ! ಬರೀ ಚುಕ್ಕಿಗಳು, ನೀಲಿ, ಕೆಂಪು, ಹಳದಿ, ಕಪ್ಪು. ಫೋಟೋವನ್ನು ಅಥವಾ ಚಿತ್ರವನ್ನು ಯಂತ್ರದಲ್ಲಿ ಅಚ್ಚು ಹಾಕಬೇಕಾದರೆ ಅದನ್ನು ಹೀಗೆ ಚುಕ್ಕಿಗಳಾಗಿ ಒಡೆಯಬೇಕು. ಹಾಫ್‌ಟೋನ್ ಎಂಬ ಈ ವಿಧಾನ ಪತ್ರಿಕೆಗಳಲ್ಲಿ ಬಳಕೆಗೆ ಬಂದದ್ದು 1880ರ ದಶಕದಿಂದ ಈಚೆಗೆ. ಅದಕ್ಕೂ ಮೊದಲು ಫೋಟೋ ಇದ್ದರೂ ಪತ್ರಿಕೆಯಲ್ಲಿ ಹಾಕಲು ಆಗುತ್ತಿರಲಿಲ್ಲ. 1855ರಲ್ಲಿ ರೋಜರ್ ಫೆಂಟನ್ ಕ್ರಿಮಿಯಾ ಯುದ್ಧದ ಫೋಟೋ ತೆಗೆದಾಗಲೂ, ಪತ್ರಿಕೆಗಾಗಿ ಯಾರೋ ಕೂತು ಅದನ್ನು ಮರದ ಅಚ್ಚಿನಲ್ಲಿ ಕೆತ್ತಬೇಕಾಗಿತ್ತು.

ತಾಮ್ರದ ತಗಡಿನ ಮುದ್ರಣದಲ್ಲಿ ಚುಕ್ಕಿ ಇರುವುದಿಲ್ಲ, ಗೆರೆ ಇರುತ್ತದೆ. ಉಕ್ಕಿನ ಮೊನೆಯಿಂದ ತಗಡಿನಲ್ಲಿ ಗೆರೆ ಕೊರೆಯುತ್ತಾರೆ, ಶಾಯಿ ತುಂಬುತ್ತಾರೆ, ಮೇಲ್ಮೈ ಒರೆಸುತ್ತಾರೆ, ಒದ್ದೆ ಕಾಗದ ಇಟ್ಟು ಉರುಳೆಗಳ ನಡುವೆ ಒತ್ತುತ್ತಾರೆ. ಕಾಗದ ಗೆರೆಯೊಳಗೆ ಇಳಿದು ಶಾಯಿಯನ್ನು ಎತ್ತಿಕೊಳ್ಳುತ್ತದೆ. ಆದ್ದರಿಂದ ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಗಳು ಸ್ವಲ್ಪ ಉಬ್ಬಿದಂತೆ ಕಾಣುತ್ತವೆ. ಇನ್ನೂ ಮುಖ್ಯವಾದ ಗುರುತು, ಆ ಒತ್ತಡಕ್ಕೆ ತಗಡಿನ ಅಂಚು ಕಾಗದದ ಮೇಲೆ ಚೌಕಟ್ಟಿನ ಹಾಗೆ ತಗ್ಗು ಬಿಡುತ್ತದೆ. ಹಂಟರ್, ಅಲನ್ ಅವರ ಚಿತ್ರಗಳು ಅಕ್ವಾಟಿಂಟ್ ಎಂಬ ಇನ್ನೊಂದು ವಿಧ. ಅದರಲ್ಲಿ ತಗಡಿನ ಮೇಲೆ ರಾಳದ ಪುಡಿ ಉದುರಿಸಿ ಆಮ್ಲದಲ್ಲಿ ಅದ್ದುತ್ತಾರೆ. ಭೂತಗನ್ನಡಿಯಲ್ಲಿ ಅದು ಒಣಗಿ ಬಿರಿದ ಕೆರೆಯಂಗಳದ ಹಾಗೆ ಕಾಣುತ್ತದೆ, ಸಾಲಾಗಿ ಜೋಡಿಸಿದ ಚುಕ್ಕಿಯ ಹಾಗಲ್ಲ.

ಚಾಚಾ ನಮ್ಮ ಚಿತ್ರದ ಚೌಕಟ್ಟು ಬಿಚ್ಚಿದರು. ಹಿಂದೆ ದಪ್ಪಕ್ಕೆ ಎಂದು ಇಟ್ಟಿದ್ದ ‘ಸಾಲಾರ್’ ಪತ್ರಿಕೆಯ ಹಾಳೆ ಸಿಕ್ಕಿತು, ಅದರ ಮೇಲೆ 1974ರ ತಾರೀಖು. ನನಗೆ ಖುಷಿಯಾಯಿತು. ಚಾಚಾ ನಕ್ಕರು, ‘ಇದು ಚೌಕಟ್ಟಿನ ವಯಸ್ಸು, ಚಿತ್ರದ್ದಲ್ಲ’ ಎಂದರು. ಕಾಗದದ ಅಂಚಿನಲ್ಲಿ ತಗಡಿನ ತಗ್ಗು ಇರಲಿಲ್ಲ. ‘ಕತ್ತರಿಸಿ ಹೋಗಿರಬಹುದು’ ಎಂದೆ ನಾನು. ಹಾಗೂ ಆಗುತ್ತದೆ, ಚೌಕಟ್ಟಿಗೆ ಹೊಂದಿಸಲು ಅಂಚು ಕತ್ತರಿಸುವವರು ಬಹಳ. ಆಮೇಲೆ ಭೂತಗನ್ನಡಿ ಇಟ್ಟರು, ನೋಡಿದರು, ಏನೂ ಹೇಳದೆ ನನ್ನ ಕೈಗೆ ಕೊಟ್ಟರು.

ಬೆಟ್ಟದ ಗೆರೆಗಳೆಲ್ಲ ಚುಕ್ಕಿ ಚುಕ್ಕಿಯಾಗಿ ಒಡೆದಿದ್ದವು.

ಅಂದರೆ ಯಾರೋ ಹೋಮ್ ಚಿತ್ರದ ಫೋಟೋ ತೆಗೆದು ಯಾವುದೋ ಪುಸ್ತಕದಲ್ಲಿ ಅಚ್ಚು ಹಾಕಿದ್ದರು. ಆ ಪುಟ ನಮ್ಮ ಗೋಡೆಗೆ ಬಂದಿತ್ತು. ಟಿಪ್ಪು ಕಾಲಕ್ಕೂ ಈ ಕಾಗದಕ್ಕೂ ಕಡಿಮೆಯೆಂದರೂ ತೊಂಬತ್ತು ವರ್ಷದ ಅಂತರ.

ಅಸಲಿ ಇದ್ದಿದ್ದರೆ ಇನ್ನೇನು ನೋಡಬೇಕಿತ್ತು ಎಂಬುದನ್ನೂ ಹೇಳುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಬೇಕಾಗಬಹುದು. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರಕಾಶಕನ ಹೆಸರು, ತಾರೀಖು ಇರುತ್ತದೆ. ಇದು ಅಲಂಕಾರಕ್ಕಲ್ಲ, ಇಂಗ್ಲೆಂಡಿನ 1735ರ ಕಾಯ್ದೆಯ ಪ್ರಕಾರ ಹಾಗೆ ಬರೆದರೆ ಮಾತ್ರ ಹಕ್ಕು ಉಳಿಯುತ್ತಿತ್ತು. ಕಾಗದವನ್ನು ಕಿಟಕಿಗೆ ಹಿಡಿದರೆ ಕೆಲವೊಮ್ಮೆ ವಾಟ್‌ಮನ್ ಎಂಬ ತಯಾರಕರ ನೀರಚ್ಚು, ಅದರ ಜೊತೆ ವರ್ಷ ಕಾಣುತ್ತದೆ. ಕೆಳಗೆ 1794 ಎಂದಿದ್ದು ನೀರಚ್ಚಿನಲ್ಲಿ 1820 ಎಂದಿದ್ದರೆ, ಹಳೆ ತಗಡಿನಿಂದ ನಂತರ ತೆಗೆದ ಪ್ರತಿ ಎಂದರ್ಥ. ಫೋಟೋದಲ್ಲಿ ‘ನಂತರದ ಪ್ರತಿ’ ಎಂದೆನಲ್ಲ, ಅದೇ ಲೆಕ್ಕ. ತಾಮ್ರ ಮೆತ್ತಗಿನ ಲೋಹ, ಒತ್ತಿ ಒತ್ತಿ ಗೆರೆ ಸವೆಯುತ್ತದೆ, ಮೊದಲ ಪ್ರತಿಗಳೇ ಚುರುಕು. ಬಣ್ಣ ಇದ್ದರೆ ಹೆಚ್ಚು ಬೆಲೆ ಎಂದು ಹಿಗ್ಗಬೇಡಿ. ಮೂಲದಲ್ಲಿ ಕಪ್ಪುಬಿಳುಪಾಗಿದ್ದದ್ದಕ್ಕೆ ಬಣ್ಣ ಬಳಿದು ಮಾರುವುದೂ ಉಂಟು.

ಇನ್ನೊಂದು ವ್ಯಾಪಾರ ನನಗೆ ಸರಿ ಕಾಣಲಿಲ್ಲ. ಹಳೆಯ ಪುಸ್ತಕ ಇಡಿಯಾಗಿ 100 ರೂಪಾಯಿಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಒಳಗಿನ ಮೂವತ್ತು ಚಿತ್ರ ಕಿತ್ತು ಒಂದೊಂದು 5 ರೂಪಾಯಿಗೆ ಮಾರಿದರೆ 150. ಲಾಭ ಐವತ್ತು, ಹೋದದ್ದು ಒಂದು ಪುಸ್ತಕ. ಬ್ಯಾಲೆನ್ಸ್ ಶೀಟ್ ಸರಿಹೋಗುತ್ತದೆ. ಮಾರುಕಟ್ಟೆಯಲ್ಲಿ ಒಂಟಿಯಾಗಿ ಸಿಗುವ ಇಂಥ ಚಿತ್ರಗಳಲ್ಲಿ ಬಹಳಷ್ಟು ಹೀಗೆ ಪುಸ್ತಕದಿಂದ ಬಿಡಿಸಿಕೊಂಡು ಬಂದವೇ. ಕಾನೂನಿನ ವಿಷಯವೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಕಲಾಕೃತಿಯನ್ನು ಖಾಸಗಿಯವರು ದೇಶದ ಹೊರಗೆ ಮಾರಿ ಕಳಿಸುವ ಹಾಗಿಲ್ಲ. ಅಸಲಿ ಆಗಿದ್ದರೂ ಲಂಡನ್ನಿನ ಗಿರಾಕಿಗೆ ನಾವು ಅದನ್ನು ಮಾರಲು ಆಗುತ್ತಿರಲಿಲ್ಲ.

ಚುಕ್ಕಿ ಕಂಡ ಕೂಡಲೇ ಎಲ್ಲವನ್ನೂ ರದ್ದಿಗೆ ಹಾಕಬೇಡಿ. ವಸ್ತು ತಾನು ಏನೆಂದು ಹೇಳಿಕೊಳ್ಳುತ್ತದೆ ಎಂಬುದು ಮುಖ್ಯ. ‘ಫೌಜಿ ಅಖ್ಬಾರ್’ ಎಂಬ ಸೈನಿಕರ ಪತ್ರಿಕೆ 1909ರಲ್ಲಿ ಉರ್ದುವಿನಲ್ಲಿ ಶುರುವಾಗಿ, 1954ರಲ್ಲಿ ‘ಸೈನಿಕ್ ಸಮಾಚಾರ್’ ಆಯಿತು. ಎರಡನೇ ಮಹಾಯುದ್ಧದ ಕಾಲದ ಒಂದು ಸಂಚಿಕೆ ಸಿಕ್ಕರೆ ಅದರ ಫೋಟೋಗಳೆಲ್ಲ ಚುಕ್ಕಿಯವೇ, ಆದರೂ ಆ ಸಂಚಿಕೆ ಅಸಲಿ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಸೈನ್ಯದಲ್ಲಿದ್ದವರ ಪೆಟ್ಟಿಗೆ ಅಟ್ಟದ ಮೇಲಿರುತ್ತದೆ. ಮೈಸೂರು ಲ್ಯಾನ್ಸರ್ಸ್ 1918ರಲ್ಲಿ ಹೈಫಾವರೆಗೆ ಹೋಗಿ ಹೋರಾಡಿದ ಪಡೆ. ಅಂಥ ಪೆಟ್ಟಿಗೆಯಲ್ಲಿ ಫೋಟೋ ಸಿಕ್ಕರೆ ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಆಲ್ಬಮ್‌ಗೆ ಗೋಂದು ಹಾಕಿ ಅಂಟಿಸಬೇಡಿ. ಅಂಟಿಸಿದರೆ ಬೆನ್ನಿನ ಬರಹ ಹೋಯಿತು. ಆ ಬರಹ ಹಲವು ಮನೆಗಳಲ್ಲಿ ಉರ್ದುವಿನಲ್ಲಿರುತ್ತದೆ, ಓದಬಲ್ಲ ನಾನಿ ದಾದಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.

ನಮ್ಮ ಇತಿಹಾಸ ಉಪನ್ಯಾಸಕರಿಗೆ ಈ ಕಥೆ ಹೇಳಿದಾಗ ಅವರು, ‘ಅಸಲಿ ನೋಡಬೇಕಾದರೆ ಶ್ರೀರಂಗಪಟ್ಟಣಕ್ಕೆ ಹೋಗು’ ಎಂದರು. ಅಬ್ಬಾ ಜೊತೆ ರೈಲಿನಲ್ಲಿ ಹೋದೆ. ದರಿಯಾ ದೌಲತ್‌ನ ಒಳಗೆ ಆ ಕಾಲದ ಮುದ್ರಣ ಚಿತ್ರಗಳನ್ನು ಗಾಜಿನ ಹಿಂದೆ ತೂಗುಹಾಕಿದ್ದಾರೆ. ಗೆರೆಗಳನ್ನು ಹತ್ತಿರದಿಂದ ನೋಡಿದೆ. ಆದರೆ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಹೊರಗೋಡೆಯ ದೊಡ್ಡ ಚಿತ್ರ. 1780ರ ಪೊಲ್ಲಿಲೂರು ಯುದ್ಧ, ಹೈದರ್ ಮತ್ತು ಟಿಪ್ಪು ಗೆದ್ದದ್ದು, ಬೈಲಿ ಎಂಬ ಇಂಗ್ಲಿಷ್ ಅಧಿಕಾರಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಂಡಿದ್ದಾನೆ. ಟಿಪ್ಪು ಬರೆಸಿದ ಯುದ್ಧಚಿತ್ರ ಇದು. ಟಿಪ್ಪು ನಂತರ ಇಂಗ್ಲಿಷರ ಕಾಲದಲ್ಲಿ ಇದಕ್ಕೆ ಮತ್ತೆ ಬಣ್ಣ ಹಚ್ಚಿದ್ದಾರೆ. ಅಂದರೆ ಇದಕ್ಕೂ ಅಸಲಿ ಎಷ್ಟು ಎಂಬ ಪ್ರಶ್ನೆ ಇದೆ.

ರೈಲಿನಲ್ಲಿ ಬರುವಾಗ ಅದೇ ಯೋಚನೆ. ಎರಡೂ ಕಡೆಯವರು ಯುದ್ಧದ ಚಿತ್ರ ಮಾಡಿಸಿದರು. ಒಬ್ಬರದು ಗೋಡೆ, ಇನ್ನೊಬ್ಬರದು ತಾಮ್ರದ ತಗಡು. ಗೋಡೆ ಶ್ರೀರಂಗಪಟ್ಟಣ ಬಿಟ್ಟು ಹೋಗಲಿಲ್ಲ. ತಗಡಿನ ಪ್ರತಿಗಳು ಲೋಕವೆಲ್ಲ ತಿರುಗಿ, ಕೊನೆಗೆ ಚುಕ್ಕಿಯಾಗಿ ನಮ್ಮ ಹಾಲ್‌ವರೆಗೂ ಬಂದವು. ಹೋಮ್ ಮೇಲೆ ನನಗೆ ಸಿಟ್ಟಿಲ್ಲ, ಒಳ್ಳೆಯ ಕೆಲಸಗಾರ. ಆಮೇಲೆ ಲಖ್ನೋ ನವಾಬರ ಆಸ್ಥಾನದಲ್ಲಿ ಚಿತ್ರಕಾರರಾಗಿ ಇದ್ದು, 1834ರಲ್ಲಿ ಕಾನ್ಪುರದಲ್ಲಿ ತೀರಿಕೊಂಡವರು. ಆದರೆ ಅವರು ಪೆನ್ಸಿಲ್ ಹಿಡಿದು ಕೂತದ್ದು ಫಿರಂಗಿಗಳ ಕಡೆ. ಸಾವನದುರ್ಗದ ಕೋಟೆಯ ಒಳಗಿನಿಂದ ಹೊರಗೆ ನೋಡಿ ಬರೆದ ಚಿತ್ರ ನನಗೆ ಒಂದೂ ಸಿಕ್ಕಿಲ್ಲ.

ದಾದಾಗೆ ವಿಷಯ ಹೇಳಿದವರು ಚಾಚಾ, ನನಗೆ ಧೈರ್ಯ ಬರಲಿಲ್ಲ. ದಾದಾ ಕೇಳಿದ್ದು ಒಂದೇ, ‘ಬೆಟ್ಟ ಸಾವನದುರ್ಗ ಹೌದು ತಾನೇ?’ ಹೌದು ಎಂದರು ಚಾಚಾ. ‘ಹಾಗಾದರೆ ವಾಪಸ್ ತೂಗುಹಾಕಿ.’ ಕೋಚಿಂಗ್ ಈ ವರ್ಷ ಇಲ್ಲ. ಸೀನಿಯರ್ ಒಬ್ಬರ ಹಳೆ ಪುಸ್ತಕಗಳು ಸಿಕ್ಕಿವೆ, ಅದರಲ್ಲೇ ಓದುತ್ತಿದ್ದೇನೆ.

ಕಳೆದ ತಿಂಗಳು ದಾದಾನನ್ನು ಕರೆದುಕೊಂಡು ಸಾವನದುರ್ಗಕ್ಕೆ ಹೋದೆವು. ಬೆಟ್ಟದ ಬುಡದಲ್ಲಿ ವೀರಭದ್ರ, ನರಸಿಂಹ ದೇವಸ್ಥಾನಗಳೂ ದರ್ಗಾವೂ ಇವೆ. ದಾದಾ ದರ್ಗಾದಲ್ಲಿ ಫಾತಿಹಾ ಓದಿದ ಮೇಲೆ ಮಾಗಡಿ ಕಡೆಯ ರಸ್ತೆಯಲ್ಲಿ ಹಿಂದಕ್ಕೆ ಬಂದು, ಮೊಬೈಲಿನಲ್ಲಿ ಹೋಮ್ ಚಿತ್ರ ಹಿಡಿದು, ಆತ ಕೂತ ಜಾಗ ಯಾವುದಿರಬಹುದು ಎಂದು ಹುಡುಕಿದೆವು. ಒಂದು ಕಡೆ ಬೆಟ್ಟದ ಹೆಗಲು ಸರಿಹೊಂದಿತು, ಮುಂದೆ ಮಾವಿನ ತೋಪು ಅಡ್ಡ ಬಂತು. ಹತ್ತು ಹೆಜ್ಜೆ ಪಕ್ಕಕ್ಕೆ ಹೋಗಿ ಫೋಟೋ ತೆಗೆದೆ.

ಊರಿಗೆ ಬಂದು ಸ್ಟುಡಿಯೋದಲ್ಲಿ ಒಂದು ಪ್ರತಿ ಹಾಕಿಸಿದೆ. ದಾದಾ ಪೆನ್ಸಿಲ್ ಕೇಳಿ, ಹಿಂಬದಿಯಲ್ಲಿ ಉರ್ದುವಿನಲ್ಲಿ ತಾರೀಖು ಮತ್ತು ನನ್ನ ಹೆಸರು ಬರೆದರು. ಬೆಟ್ಟದ ಹೆಸರಿಗೆ ಬಂದಾಗ ಪೆನ್ಸಿಲ್ ನಿಲ್ಲಿಸಿ, ‘ಆ ಸಾಹೇಬ ಹೇಗೆ ಬರೆದಿದ್ದ?’ ಎಂದು ಕೇಳಿದರು. ಸೆವನ್‌ಡ್ರೂಗ್ ಎಂದೆ. ಜೋರಾಗಿ ನಕ್ಕು, ತಮಗೆ ಗೊತ್ತಿದ್ದ ಹಾಗೆ ಬರೆದರು.